ಹೊಗೆ ನೋಡುವ ವೀಣಾ

ಕುಶಾಲನಗರ ಬಿಟ್ಟು ಮಡಿಕೇರಿ ರಸ್ತೆ ಹಿಡಿದರೆ, ಗುಡ್ಡೆಹೊಸೂರು ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಒಂದು ಪಂಕ್ಚರ್ ಅಂಗಡಿ ಸಿಗುತ್ತದೆ. ಅದಕ್ಕೆ ಒರಗಿಕೊಂಡಂತೆ ಹಸಿರು ಶೀಟಿನ ಸಣ್ಣ ಶೆಡ್ಡು. ಗಾಡಿಗಳ ಹೊಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಜಾಗ ಅದು. ಒಳಗೆ ಕಂಪ್ಯೂಟರಿನ ಮುಂದೆ ಕೂತಿರುವವಳು ವೀಣಾ. ಊರಲ್ಲಿ ಮೂವರು ನಾಲ್ವರು ವೀಣಾರು ಇದ್ದಾರೆ, ಆದ್ದರಿಂದ ಇವಳಿಗೆ ಹೊಗೆ ವೀಣಾ ಅಂತಲೇ ಹೆಸರು. ಆ ಹೆಸರಿಗೆ ಅವಳು ಒಂದು ದಿನವೂ ಮುಖ ಗಂಟಿಕ್ಕಿಲ್ಲ.

ಹೊಗೆ ಪರೀಕ್ಷೆ ಅಂದರೆ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಅಂತ ಗಾಡಿ ಇಟ್ಟವರಿಗೆಲ್ಲ ಗೊತ್ತು. ನಂಬರ್ ಪ್ಲೇಟಿನ ಫೋಟೋ ಹೊಡೆಯುತ್ತಾರೆ, ನಾವು ಟೀ ಕುಡಿದು ಬರುವಷ್ಟರಲ್ಲಿ ಕಾಗದ ಬಂದಿರುತ್ತದೆ. ಯಂತ್ರದ ನಳಿಗೆಯನ್ನು ಸೈಲೆನ್ಸರಿಗೆ ತುರುಕಿದರೋ ಇಲ್ಲವೋ ಯಾರೂ ಕೇಳುವುದಿಲ್ಲ. ವೀಣಾಳ ಹತ್ತಿರ ಈ ಆಟ ನಡೆಯುವುದಿಲ್ಲ. ಯಂತ್ರ ಏನು ತೋರಿಸಿತೋ ಅದು. ಹೊಗೆಯ ದಟ್ಟಣೆಯ ಅಂಕಿ ಅರವತ್ತೈದು ದಾಟಿದರೆ ಹಳೆಯ ಡೀಸೆಲ್ ಗಾಡಿ ಫೇಲು. ಅರವತ್ತಾರು ಬಂದವನು ಕಾಲಿಗೆ ಬಿದ್ದರೂ ಅವಳು ಜಗ್ಗುವುದಿಲ್ಲ. ಸ್ವಂತ ತಮ್ಮ ನಂದೀಶ್ ತನ್ನ ಗೂಡ್ಸ್ ಆಟೋ ತಂದಾಗ ಫೇಲು ಮಾಡಿ ಕಳಿಸಿದ್ದಳು. ಅವನು ಮೂರು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಿದ್ದ. ಗೌರಿ ಹಬ್ಬಕ್ಕೆ ಬಾಗಿನ ತಂದುಕೊಟ್ಟಾಗಲೂ ಹೊಸಿಲ ಆಚೆಯೇ ನಿಂತು ಕೊಟ್ಟು ಹೋದ. ಅವಳು ತೆಗೆದುಕೊಂಡು, "ಫಿಲ್ಟರ್ ಚೇಂಜ್ ಮಾಡಿಸ್ದೇನ್ಲಾ?" ಅಂತ ಕೇಳಿದಳು. ಅಷ್ಟೇ.

ಈ ಹಟ ಅವಳಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಅವಳ ಅಪ್ಪನ ಕತೆ ಸ್ವಲ್ಪ ಹೇಳಬೇಕು. ಜವರಯ್ಯ ಹಾಸನದ ಕಡೆಯಿಂದ ಬಂದು ಹೆಬ್ಬಾಲೆಯಲ್ಲಿ ನೆಲೆನಿಂತವನು. ಸ್ವಂತ ಜಮೀನು ಅಂಗೈಯಗಲ. ಅವನ ನಿಜವಾದ ಕಸುಬು ತಂಬಾಕಿನ ಎಲೆ ಒಣಗಿಸುವ ಬ್ಯಾರನ್ನು ಕಾಯುವುದು. ಎತ್ತರದ ಗೋಡೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಹಸಿ ಎಲೆ ನೇತುಹಾಕಿ, ಕೆಳಗಿನ ಒಲೆಗೆ ಐದಾರು ದಿನ ಒಂದೇ ಸಮ ಬೆಂಕಿ ಕೊಡಬೇಕು. ಒಂದು ಗಳಿಗೆ ಮೈಮರೆತರೆ ಎಲೆ ಕಪ್ಪಾಗಿ ಒಂದು ವರ್ಷದ ಬೆಳೆ ಹಾಳು. ಜವರಯ್ಯ ಹದ ನೋಡಲು ಒಲೆಯ ಬಾಯಿಗೆ ಹೋಗುತ್ತಲೇ ಇರಲಿಲ್ಲ. ಅಂಗಳದಲ್ಲಿ ಕೂತು, ಮೇಲೆ ಏಳುವ ಹೊಗೆ ನೋಡಿಯೇ ಒಳಗಿನ ಸಂಗತಿ ಹೇಳುತ್ತಿದ್ದ. ಸ್ಕೂಲಿನಿಂದ ಬಂದು ಪಕ್ಕದಲ್ಲಿ ಕೂರುತ್ತಿದ್ದ ಮಗಳಿಗೂ ಅದೇ ಪಾಠ. "ಕರೀದು ಬಂದ್ರೆ ಗಾಳಿ ಸಾಲ್ದು ಮಗ. ಬೆಳ್ಳಗೆ ಬಂದು ಕಣ್ಣು ಉರುದ್ರೆ ಒಲೆ ಇನ್ನೂ ಕಾದಿಲ್ಲ ಅಂತ."

ಆ ಜವರಯ್ಯನಿಗೆ ಈಗ ಮನೆಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲಬೇಕು. ಮೂವತ್ತು ವರ್ಷ ನುಂಗಿದ ಹೊಗೆ ಅಂತ ಡಾಕ್ಟರು ಹೇಳಿದ್ದಾರೆ. ವೀಣಾ ಈ ಮಾತನ್ನು ಗಿರಾಕಿಗಳ ಹತ್ತಿರ ಎತ್ತುವವಳಲ್ಲ. ಆದರೆ ಅರವತ್ತಾರನ್ನು ಅರವತ್ತೈದು ಮಾಡಿ ಅಂತ ಯಾರಾದರೂ ನಗುತ್ತಾ ಕೇಳಿದರೆ ಅವಳಿಗೆ ನಗು ಬರುವುದಿಲ್ಲ. ಬೇರೆ ಆಸ್ತಿ ಏನೂ ಇಲ್ಲದ ಹೆಂಗಸು ಅವಳು. ತಾನು ಕೊಟ್ಟ ನಂಬರು ನಿಜವಾದ ನಂಬರು ಅನ್ನುವುದೊಂದೇ ಅವಳು ತಲೆ ಎತ್ತಿ ನಡೆಯಲು ಇಟ್ಟುಕೊಂಡಿದ್ದ ಬಂಡವಾಳ.

ಹೋದ ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ದೇರಪ್ಪ ತನ್ನ ಬಿಳಿ ಡೀಸೆಲ್ ಕಾರನ್ನು ಮೂರನೆಯ ಸಲ ಅವಳ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಜೊತೆಗೆ ಹೆಂಡತಿ ಯಮುನ. ಮಕ್ಕಂದೂರಿನಿಂದಾಚೆ ಗುಡ್ಡದ ಮೇಲಿರುವ ಎಂಟು ಮನೆಗಳಲ್ಲಿ ಇವರದೊಂದು. ಬಸ್ಸು ಎರಡು ಕಿಲೋಮೀಟರು ಕೆಳಗೇ ನಿಲ್ಲುತ್ತದೆ. ಎಂಟು ಮನೆಗೆ ಇರುವುದು ಇದೊಂದೇ ಕಾರು. ಮದುವೆಗೆ, ಆಸ್ಪತ್ರೆಗೆ, ರೇಷನ್ ಅಕ್ಕಿಗೆ, ಹಂದಿ ಮಾಂಸಕ್ಕೆ, ಎಲ್ಲದಕ್ಕೂ ದೇರಪ್ಪನ ಅಂಗಳಕ್ಕೆ ಬಂದು ಕೆಮ್ಮಿದರಾಯಿತು.

ಆ ಕಾರಿಗೆ ಈಗ ಹದಿನೈದು ವರ್ಷ ತುಂಬಿತ್ತು. ಇನ್ನೈದು ವರ್ಷ ಓಡಿಸಬೇಕಾದರೆ ನೋಂದಣಿ ಹೊಸದು ಮಾಡಿಸಬೇಕು, ಅದಕ್ಕೆ ಹೊಗೆಯ ಸರ್ಟಿಫಿಕೇಟು ಬೇಕು. ಮಡಿಕೇರಿಯಲ್ಲಿ ಅವನಿಗೆ ಪರಿಚಯವಿದ್ದ ಸೆಂಟರು ಮುಚ್ಚಿಹೋಗಿತ್ತು. ಹಾಗಾಗಿ ಕೆಳಗೆ ವೀಣಾಳ ಹತ್ತಿರ ಬಂದಿದ್ದ. ಮೊದಲ ಸಲ ಎಪ್ಪತ್ತೆಂಟು. ಹೋಗಿ ಡೀಸೆಲ್ ಚಿಮ್ಮುವ ನಾಜಲ್ ಬದಲಾಯಿಸಿ, ಏರ್ ಫಿಲ್ಟರ್ ಹಾಕಿಸಿ ಬಂದ. ಎಪ್ಪತ್ಮೂರು. ಇವತ್ತು ಮಧ್ಯಾಹ್ನ ಮೂರಕ್ಕೆ ಮಡಿಕೇರಿಯಲ್ಲಿ ಆರ್‌ಟಿಒ ಇನ್ಸ್‌ಪೆಕ್ಟರು ಗಾಡಿ ನೋಡುವವರಿದ್ದರು. ಕಾಗದ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವ ಜಾಯಮಾನ ದೇರಪ್ಪನದಲ್ಲ.

"ಇವತ್ತು ಆಗ್ಲಿಲ್ಲಂದ್ರೆ ಭಾನುವಾರ ಗುಜರಿಯವ ಬರ್ತಾನೆ ಮೇಡಂ. ಮಾತು ಕೊಟ್ಟಾಗಿದೆ," ಅಂದ. ಹೇಳುವಾಗ ಕಾರಿನ ಕಡೆ ನೋಡಲಿಲ್ಲ.

ವೀಣಾ ನಳಿಗೆಯನ್ನು ಸೈಲೆನ್ಸರಿಗೆ ಇಟ್ಟಳು. ಡೀಸೆಲ್ ಪರೀಕ್ಷೆಯಲ್ಲಿ ಗೇರು ಹಾಕದೆ ಆಕ್ಸಿಲರೇಟರನ್ನು ಒಂದೇ ಏಟಿಗೆ ತಳ ಮುಟ್ಟುವವರೆಗೆ ತುಳಿಯಬೇಕು, ಹೀಗೆ ನಾಲ್ಕಾರು ಸಲ. ಅದನ್ನು ಅವಳೇ ಮಾಡುತ್ತಾಳೆ. ಗಾಡಿಯವರು ಹೆದರಿ ಅರ್ಧಕ್ಕೇ ಕಾಲು ಎತ್ತುತ್ತಾರೆ. ದೇರಪ್ಪ ಆ ಗದ್ದಲ ಕೇಳಲಾರದೆ ರಸ್ತೆಯ ಆಚೆ ಹೋಗಿ ನಿಂತಿದ್ದ. ಮೂವತ್ತು ವರ್ಷ ಎಸ್ಟೇಟ್ ಜೀಪು ಓಡಿಸಿದ ಅವನು ಯಾವ ಎಂಜಿನ್ನನ್ನೂ ಹಾಗೆ ಕಿರುಚಿಸಿದವನಲ್ಲ.

ಪರದೆಯ ಮೇಲೆ ಎಪ್ಪತ್ತೊಂದು ಬಂತು.

"ಎಂತ ಆತ್?" ಅಂತ ದೇರಪ್ಪ ರಸ್ತೆಯ ಆಚೆಯಿಂದಲೇ ಹೆಂಡತಿಯನ್ನು ಕೂಗಿ ಕೇಳಿದ. ಮನೆಯ ಮಾತು ಅವರಿಬ್ಬರದೂ ಅರೆಭಾಷೆ. ಯಮುನ ಇಲ್ಲ ಅಂತ ಕೈ ಅಲ್ಲಾಡಿಸಿದಳು. ಆಮೇಲೆ ಯಮುನ ವೀಣಾಳ ಕಡೆ ತಿರುಗಿ, ಪೇಟೆಯ ಕನ್ನಡದಲ್ಲಿ ಮೆತ್ತಗೆ, "ಅರುವತ್ತೈದಕ್ಕೂ ಎಪ್ಪತ್ತೊಂದಕ್ಕೂ ಅಷ್ಟೊಂದು ದೂರ ಉಂಟಾ ಮಗ?" ಅಂದಳು.

ಶೆಡ್ಡಿನ ಮಾಲೀಕ ಶಶಿಕುಮಾರ್ ಆ ಹೊತ್ತಿಗೆ ಅಲ್ಲೇ ಇದ್ದ. ಅವನಿಗೆ ಇಂಥ ಮೂರು ವ್ಯವಹಾರ, ವಾರಕ್ಕೊಮ್ಮೆ ಇಣುಕಿ ಹೋಗುತ್ತಾನೆ. "ವಯಸ್ಸಾದವ್ರು, ಮೂರ್ ಸಲ ಬಂದವ್ರೆ. ಕೊಟ್ಟು ಕಳ್ಸವ್ವ," ಅಂದ. ಹಿಂದೆ ಸಾಲಿನಲ್ಲಿ ನಿಂತಿದ್ದ ಐದಾರು ಗಾಡಿಯವರೂ ಹೂಂಗುಟ್ಟಿದರು. ಒಬ್ಬರ ಔದಾರ್ಯ ಇನ್ನೊಬ್ಬರ ಕೈಯಿಂದ ನಡೆಯುವುದಾದರೆ ನಮ್ಮ ಜನಕ್ಕೆ ಕರುಣೆ ಉಕ್ಕಿ ಹರಿಯುತ್ತದೆ.

"ಆಗಲ್ಲ ಸಾರ್," ಅಂದಳು ವೀಣಾ. ಹೇಳಿದಳು ನಿಜ, ಆದರೆ ಕಣ್ಣು ಮತ್ತೆ ಕಾರಿನ ಕಡೆಗೇ ಹೋಯಿತು. ಈ ಮುದುಕ ಕಾರನ್ನು ಮಗುವಿನ ಹಾಗೆ ನೋಡಿಕೊಂಡಿದ್ದ. ಸೀಟಿನ ಕವರಿನಲ್ಲಿ ಒಂದು ಕಲೆ ಇಲ್ಲ, ಎಂಜಿನ್ನಿನ ಮೇಲೆ ಒಂದು ಹನಿ ಎಣ್ಣೆ ಇಲ್ಲ. ಇಂಥ ಗಾಡಿ ಯಾಕೆ ಇಷ್ಟು ಹೊಗೆ ಉಗುಳಬೇಕು? ಹೊಗೆಯೂ ಸರಿಯಾದ ಹೊಗೆಯಲ್ಲ. ಮೊದಲ ತುಳಿತಕ್ಕೆ ಬೂದು ಬಿಳಿ, ಆಮೇಲೆ ಕಪ್ಪು. ಕಣ್ಣು ಚುರುಗುಟ್ಟುತ್ತಿತ್ತು. ಹಸಿ ಡೀಸೆಲಿನ ವಾಸನೆ.

ಅವಳು ಕಣ್ಣೊರೆಸಿಕೊಳ್ಳುತ್ತಾ ತಲೆ ಎತ್ತಿದಾಗ ಯಮುನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ಚಳಿಯ ಬೆಳಗು, ಹೆಂಗಸು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು, ಅದರಲ್ಲೇನೂ ವಿಶೇಷವಿಲ್ಲ. ಆದರೆ ಮೂವತ್ತೈದು ನಲವತ್ತು ಕಿಲೋಮೀಟರು ಓಡಿ ಬಂದ ಡೀಸೆಲ್ ಗಾಡಿಯ ಬಾನೆಟ್ಟಿನ ಮೇಲೆ ಅಷ್ಟು ಹೊತ್ತು ಕೈ ಇಡಲು ಆಗುವುದಿಲ್ಲ.

ವೀಣಾ ಹೋಗಿ ತಾನೂ ಕೈ ಇಟ್ಟಳು. ಉಗುರುಬೆಚ್ಚಗಿತ್ತು, ಅಷ್ಟೇ.

"ಸಾರ್, ಇಲ್ ಬನ್ನಿ," ಅಂತ ದೇರಪ್ಪನನ್ನು ಕರೆದಳು. "ಮಡಿಕೇರಿಯಿಂದ ಇಲ್ಲಿಗೆ ಹೆಂಗ್ ಬಂದ್ರಿ?"

"ಹೆಂಗೆ ಅಂದ್ರೆ? ಇದೇ ರೋಡಲ್ಲಿ."

"ರೋಡಲ್ಲ ಸಾರ್. ಗೇರು."

ದೇರಪ್ಪನ ಮುಖ ಆ ದಿನ ಮೊದಲ ಸಲ ಅರಳಿತು. ಅವನ ಜೀವಮಾನದ ವಿದ್ಯೆಯನ್ನು ಕೊನೆಗೂ ಯಾರೋ ಕೇಳಿದ್ದರು. "ಬೋಯಿಕೇರಿ ದಾಟಿದ್ರೆ ಗೇರು ಎಂತಕ್ಕೆ ಮೇಡಂ? ನ್ಯೂಟ್ರಲ್ ಮಾಡಿ ಬಿಟ್ರೆ ಸುಂಟಿಕೊಪ್ಪದವರೆಗೆ ಅದೇ ಬರ್ತದೆ. ಅಲ್ಲಿ ಒಂದು ಸಣ್ಣ ಏರು. ಮತ್ತೆ ಆನೆಕಾಡಿಂದ ಇಲ್ಲಿವರೆಗೆ ಬಿಟ್ಟದ್ದೇ. ಇಡೀ ದಾರಿಯಲ್ಲಿ ಆಕ್ಸಿಲರೇಟರ್ ಮುಟ್ಟಿದ್ದು ಮೂರು ಕಡೆ. ಲೆಕ್ಕ ಬರೆಯೋ ನಮ್ಮ ಎಸ್ಟೇಟ್ ರೈಟರು ಟ್ಯಾಂಕಿಗೆ ಕಡ್ಡಿ ಹಾಕಿ ಅಳೀತಿದ್ರು. ದೇರಪ್ಪನ ಜೀಪು ಡೀಸೆಲ್ ಕುಡಿಯೋದಿಲ್ಲ, ಬರೇ ಮೂಸ್ತದೆ ಅಂತ ಹೇಳ್ತಿದ್ರು!"

ಯಮುನ ನಕ್ಕಳು. ಸಾಲಿನವರೂ ನಕ್ಕರು. ವೀಣಾ ನಗಲಿಲ್ಲ. ಅವಳು ತಿರುಗಿ ಪರದೆಯ ಕಡೆ ನೋಡಿದಳು.

ಯಾಕೆಂದರೆ ಎಂಜಿನ್ನು ಸರಿಯಾಗಿ ಕಾದ ಮೇಲೆಯೇ ಈ ಪರೀಕ್ಷೆ ಮಾಡಬೇಕು ಅನ್ನುವುದು ಮೊದಲ ನಿಯಮ. ಆಯಿಲಿನ ಬಿಸಿ ಎಷ್ಟಿದೆ ಅಂತ ಅಳೆಯಲು ಯಂತ್ರದ ಜೊತೆಗೇ ಒಂದು ವೈರಿನ ಕಡ್ಡಿ ಬರುತ್ತದೆ. ಇಲ್ಲಿನ ಕಡ್ಡಿಯ ವೈರು ತುಂಡಾಗಿ ಎರಡು ವರ್ಷವಾಗಿತ್ತು. ಮುಂದಿನ ತಿಂಗಳು ತರಿಸೋಣ ಅಂತ ಶಶಿಕುಮಾರ್ ಹೇಳಿದ್ದ. ಆ ಮುಂದಿನ ತಿಂಗಳು ಬರಲೇ ಇಲ್ಲ. ಬಿಸಿಯ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಹೆದ್ದಾರಿಯಲ್ಲಿ ಓಡಿ ಬರುವ ಗಾಡಿಗಳು ಕಾದೇ ಇರುತ್ತವಲ್ಲ ಅಂತ ವೀಣಾ ಅಲ್ಲಿ ಎಂಬತ್ತು ಅಂತ ಹಾಕತೊಡಗಿದಳು. ಮೊದಮೊದಲು ಒಂದು ಕ್ಷಣ ಯೋಚಿಸಿ ಹಾಕುತ್ತಿದ್ದಳು. ಆಮೇಲೆ ಬೆರಳೇ ಅದನ್ನು ಮಾಡಿಕೊಂಡು ಹೋಗುತ್ತಿತ್ತು. ಎಂಬತ್ತು, ಎಂಬತ್ತು, ಎಂಬತ್ತು. ಮೈಸೂರಿನ ಕಡೆಯ ಬಯಲಿನಲ್ಲಿ ಓಡಿ ಬಂದವಕ್ಕೆ ಅದು ನಿಜವೂ ಇದ್ದೀತು. ಆದರೆ ಮಡಿಕೇರಿ ಕಡೆಯಿಂದ ಬರುವ ಗಾಡಿಗಳು ಬೆಟ್ಟ ಇಳಿದು ಬರುತ್ತವೆ. ಅದರಲ್ಲೂ ಹಳಬರು, ಡೀಸೆಲ್ ಉಳಿಸುವುದನ್ನೇ ಮರ್ಯಾದೆ ಅಂತ ತಿಳಿದವರು, ನ್ಯೂಟ್ರಲ್ಲಿನಲ್ಲಿ ಜಾರಿಕೊಂಡು ಬರುತ್ತಾರೆ. ಡಿಸೆಂಬರಿನ ಗಾಳಿಗೆ ಎಂಜಿನ್ನು ತಣ್ಣಗಾಗಿ ಬಂದು ಅವಳ ಮುಂದೆ ನಿಲ್ಲುತ್ತದೆ. ಕಾಯದ ಒಲೆ ಹೊಗೆಯಾಡದೆ ಇನ್ನೇನು ಮಾಡೀತು?

ಒಂದು ಸುಳ್ಳು ನಂಬರು ಬರೆದವಳಲ್ಲ ಅಂತ ಊರೆಲ್ಲ ಹೊಗಳಿಸಿಕೊಂಡವಳು ದಿನಕ್ಕೆ ಹತ್ತು ಸುಳ್ಳು ನಂಬರು ಬರೆಯುತ್ತಿದ್ದಳು.

ಇಲ್ಲಿ ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. "ಸಾರ್, ಸ್ವಲ್ಪ ಓಡಿಸಿ ಬನ್ನಿ, ಇನ್ನೊಂದ್ಸಲ ನೋಡೋಣ" ಅಂತ ಉಪಕಾರ ಮಾಡಿದವರ ಹಾಗೆ ಹೇಳಿ ಮುಗಿಸುತ್ತಿದ್ದರು. ದೇರಪ್ಪ ಕೈ ಮುಗಿದು ಹೋಗುತ್ತಿದ್ದ. ವೀಣಾ ಸಾಲಿನಲ್ಲಿದ್ದವರೆಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸಾರ್, ನಿಮ್ ಗಾಡಿ ಕೆಟ್ಟಿಲ್ಲ. ತಣ್ಣಗಿರೋ ಎಂಜಿನ್ನಿಗೆ ನಾನು ಟೆಸ್ಟ್ ಮಾಡ್ದೆ. ಇವತ್ತಲ್ಲ, ಮೂರ್ ಸಲನೂ. ಬಿಸಿ ನೋಡ್ಬೇಕಿತ್ತು, ನೋಡ್ದೇನೇ ಎಂಬತ್ತು ಅಂತ ಬರ್ದೆ. ತಪ್ಪು ನಂದು."

ಶಶಿಕುಮಾರ್ ಮೊಬೈಲು ನೋಡುವವನಂತೆ ಶೆಡ್ಡಿನ ಹಿಂದಕ್ಕೆ ಸರಿದ. ದೇರಪ್ಪ ಕೇಳಿದ್ದು ಒಂದೇ: "ಹಾಗಾದ್ರೆ ನಾಜಲ್ ಸರಿ ಇತ್ತಾ?"

"ಸರಿ ಇತ್ತೇನೋ ಸಾರ್. ಈಗ ಬಿಸಿ ಮಾಡಣ, ಹತ್ತಿ."

ಶೆಡ್ಡಿಗೆ ಸರಪಳಿ ಅಡ್ಡ ಹಾಕಿ ಅವಳೇ ಮುಂದೆ, ದೇರಪ್ಪನ ಪಕ್ಕದ ಸೀಟಿನಲ್ಲಿ ಕೂತಳು. ಯಮುನ ಹಿಂದೆ ಕೂತಳು. ಸಾಲಿನವರು ಗೊಣಗಿದರು, ಇಬ್ಬರು ಬೈದುಕೊಂಡು ಹೊರಟೂ ಹೋದರು. ಕಾರು ಆನೆಕಾಡಿನ ಕಡೆ ಏರತೊಡಗಿತು. ದೇರಪ್ಪನ ಕಾಲು ತನ್ನ ಪಾಡಿಗೆ ಹಳೆಯ ಜಾಗದಲ್ಲೇ ನಿಂತಿತ್ತು.

"ಮೂರನೇ ಗೇರಲ್ಲೇ ಇರ್ಲಿ ಸಾರ್. ಇನ್ನೂ ತುಳೀರಿ."

"ಕಿರುಚ್ತದೆ ಮೇಡಂ."

"ಕಿರುಚ್ಲಿ. ತುಳೀರಿ."

ಅವನು ಹಲ್ಲು ಕಚ್ಚಿ ತುಳಿದ. ಹಿಂದಿನ ಗಾಜಿನಲ್ಲಿ ಒಂದು ದೊಡ್ಡ ಕಪ್ಪು ಮೋಡ ಎದ್ದಿತು. ಹಿಂದೆ ಬರುತ್ತಿದ್ದ ಬೈಕಿನವನು ಹಾರ್ನು ಹೊಡೆದು ಏನೋ ಬೈದು ಪಕ್ಕಕ್ಕೆ ಸರಿದ. ಹದಿನೈದು ವರ್ಷ ಮೆತ್ತಗೆ ಓಡಿ ಪೈಪಿನಲ್ಲಿ ಕಟ್ಟಿಕೊಂಡಿದ್ದ ಮಸಿಯೆಲ್ಲ ಕಿತ್ತು ಬರುತ್ತಿತ್ತು. ಯಮುನ ಹಿಂದೆ ತಿರುಗಿ ನೋಡಿ, "ಅಯ್ಯೋ ದೇವರೇ, ನಮ್ಮದಾ ಇದೆಲ್ಲ?" ಅಂತ ನಗಾಡಿದಳು. ಸುಂಟಿಕೊಪ್ಪ ಮುಟ್ಟುವಾಗ ಹೊಗೆ ತೆಳುವಾಗಿತ್ತು, ಎಂಜಿನ್ನಿನ ಸದ್ದೂ ಬಿಗಿ ಬಿಟ್ಟು ಒಂದು ಹದಕ್ಕೆ ಬಂದಿತ್ತು.

ನಿಜವಾದ ಕಷ್ಟ ಶುರುವಾದದ್ದು ಗಾಡಿ ತಿರುಗಿಸಿದ ಮೇಲೆ. ಇಳಿಜಾರು ಕಂಡ ಕೂಡಲೇ ದೇರಪ್ಪನ ಎಡಗೈ ಗೇರಿನ ಕಡೆ ಹೋಗುತ್ತಿತ್ತು. ವೀಣಾ ಕೊನೆಗೆ ಗೇರಿನ ಗುಬುಟಿಯ ಮೇಲೆ ತನ್ನ ಕೈಯನ್ನೇ ಇಟ್ಟು ಕೂತಳು. ಇಳಿಜಾರಿನಲ್ಲಿ ಡೀಸೆಲ್ ಸುಡುವುದು ಅವನಿಗೆ ಅನ್ನ ಚೆಲ್ಲಿದಷ್ಟು ಸಂಕಟ. ಪಾಪ, ತುಟಿ ಬಿಗಿದು ಸಹಿಸಿಕೊಂಡ.

ದಾರಿಯಲ್ಲಿ ಗುಡ್ಡೆಹೊಸೂರಿನ ಗ್ಯಾರೇಜಿನಲ್ಲಿ ನಿಲ್ಲಿಸಿ, ಗುರಿಯಿಟ್ಟು ಒತ್ತಿದರೆ ಬಿಸಿ ತೋರಿಸುವ ಪಿಸ್ತೂಲಿನಂಥದೊಂದು ಉಪಕರಣವನ್ನು ವೀಣಾ ಎರವಲು ತಂದಳು. ಶೆಡ್ಡು ಮುಟ್ಟಿದ ತಕ್ಷಣ ಎಂಜಿನ್ನಿಗೆ ಹಿಡಿದು ನೋಡಿದಳು. ಎಂಬತ್ತಮೂರು. ಖಾನೆಯಲ್ಲಿ ಎಂಬತ್ತಮೂರು ಅಂತಲೇ ಬರೆದಳು. ನಳಿಗೆ ಇಟ್ಟು ತುಳಿದಳು. ಈ ಸಲ ದೇರಪ್ಪ ರಸ್ತೆಯಾಚೆ ಹೋಗಲಿಲ್ಲ, ಬಾಗಿಲು ಹಿಡಿದು ನಿಂತು ಪ್ರತಿ ಸಲ ಎಂಜಿನ್ನು ಕಿರುಚಿದಾಗಲೂ ಕಣ್ಣು ಮುಚ್ಚಿ ಬಿಡುತ್ತಿದ್ದ.

ಐವತ್ತೆಂಟು.

ದೇರಪ್ಪ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಮೂರು ಸಲ ಕಟ್ಟಿದ ಫೀಸನ್ನೂ ವೀಣಾ ವಾಪಸು ಕೊಡಲು ಹೋದಳು, ಅವನು ಮುಟ್ಟಲಿಲ್ಲ. "ನಿಮ್ಮ ಕಾಲು ಭಾರಿ ಗಟ್ಟಿ ಮೇಡಂ," ಅಂದ. ಯಮುನ ಹೊರಡುವ ಮೊದಲು ವೀಣಾಳ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ಹನ್ನೆರಡು ಗಂಟೆಗೆ ಕಾರು ಮಡಿಕೇರಿಯ ಏರು ಹಿಡಿಯಿತು. ಮೂರು ಗಂಟೆಗೆ ಧಾರಾಳವಾಗಿ ಮುಟ್ಟುತ್ತದೆ, ದೇರಪ್ಪನ ವೇಗದಲ್ಲೂ.

ಇಲ್ಲಿಗೆ ನಿಲ್ಲಿಸಿದ್ದರೂ ಅವಳನ್ನು ಮೆಚ್ಚಬಹುದಿತ್ತು. ಆದರೆ ವೀಣಾಳಿಗೆ ಊಟದ ಡಬ್ಬಿ ಬಿಚ್ಚಲು ಆಗಲಿಲ್ಲ. ಒಂದು ಸೀಮೆಸುಣ್ಣ ಹುಡುಕಿ, ಬಿಸಿಯ ಕಡ್ಡಿ ಬರುವ ತನಕ ಡೀಸೆಲ್ ಗಾಡಿ ನೋಡುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದಳು. ಶಶಿಕುಮಾರ್ ಕೂಗಾಡಿದ. "ಎಲ್ಲಾ ಕಡೇನೂ ಎಂಬತ್ತೇ ಹಾಕೋದು! ನಿಂಗೊಬ್ಳಿಗೆ ಏನ್ ಬಂತು?" ಅಂದ. ಅವಳು ಕಂಪ್ಯೂಟರಿನಲ್ಲಿ ಎರಡು ವರ್ಷದ ಪಟ್ಟಿ ತೆರೆದು, ಡೀಸೆಲ್ ಗಾಡಿ, ಚಳಿಗಾಲ, ಬೆಳಗಿನ ಹೊತ್ತು, ಮೇಲಿನ ಊರುಗಳ ವಿಳಾಸ, ಫೇಲು, ಇಷ್ಟನ್ನೂ ಹೊಂದಿಸಿ ಹುಡುಕಿದಳು. ಇಪ್ಪತ್ಮೂರು ಸಿಕ್ಕವು. ಮಧ್ಯಾಹ್ನ ಎರಡಕ್ಕೆ ಫೋನು ಹಿಡಿದು ಕೂತಳು.

ಒಬ್ಬೊಬ್ಬರಿಗೂ ಅದೇ ಮಾತು. ನಾನು ಹೊಗೆ ಟೆಸ್ಟಿನ ವೀಣಾ, ನಿಮ್ಮ ಗಾಡಿ ಫೇಲು ಮಾಡಿದ್ದೆನಲ್ಲ, ಎಂಜಿನ್ನಿನ ಬಿಸಿ ನೋಡದೆ ಮಾಡಿದೆ, ತಪ್ಪು ನಂದು, ಮತ್ತೆ ಬನ್ನಿ, ಫೀಸು ಬೇಡ. ಹೆಚ್ಚಿನವರು ನಕ್ಕರು. ಅದೇ ದಿನವೇ ಬೇರೆ ಕಡೆ ಹೋಗಿ ಐದು ನಿಮಿಷಕ್ಕೆ ಸರ್ಟಿಫಿಕೇಟು ತಂದದ್ದಾಗಿತ್ತು. ಒಬ್ಬನು ಇದು ಯಾವುದೋ ಮೋಸದ ಫೋನು ಅಂದುಕೊಂಡು, ಒಟಿಪಿ ಕೊಡಲ್ಲ ಅಂತ ಗದರಿ ಇಟ್ಟ. ಇನ್ನೊಬ್ಬಾಕೆ ಬೈದಳು, ಸಾಕಷ್ಟು ಬೈದಳು, ವೀಣಾ ಪೂರ್ತಿ ಕೇಳಿಸಿಕೊಂಡಳು.

ಹದಿನೆಂಟನೆಯ ಫೋನು ಕೆದಕಲ್ಲಿನ ಪರಮೇಶಪ್ಪ ಅನ್ನುವವರಿಗೆ. ಅವಳು ತನ್ನ ಮಾತು ಒಪ್ಪಿಸಿದಳು. ಕಟ್ಟಾಯಿತೋ ಏನೋ ಅಂತ ಅವಳು ಹಲೋ ಅಂದಳು.

"ಇದ್ದೇನೆ," ಅಂದರು ಪರಮೇಶಪ್ಪ. "ಆ ಗಾಡಿ ಈಗ ಇಲ್ಲ ಅಮ್ಮ. ನೀವು ಎರಡನೇ ಸಲ ಫೇಲ್ ಮಾಡಿದ ವಾರದಲ್ಲೇ ಗುಜರಿಗೆ ಕೊಟ್ಟೆ. ನಮ್ಮ ಮಾವ ಕೊಡಿಸಿದ್ದು ಅದು."

ಬೇರೆ ಕಡೆ ತೋರಿಸಬಹುದಿತ್ತಲ್ಲ ಅನ್ನುವ ಮಾತು ವೀಣಾಳ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು. "ಬಿಸಿ ಮಾಡಿ ನೋಡಿದ್ರೆ ಪಾಸಾಗ್ತಿತ್ತೋ ಇಲ್ವೋ ನಂಗೆ ಗೊತ್ತಿಲ್ಲ ಸಾರ್," ಅಂದಳು. "ನೋಡ್ಬೇಕಾಗಿದ್ದು ನನ್ ಕೆಲ್ಸ. ನಾನ್ ನೋಡ್ಲಿಲ್ಲ. ಈಗೇನ್ ಮಾಡಕ್ಕೂ ಆಗಲ್ಲ, ಗೊತ್ತು. ನಿಮ್ಗೆ ತಿಳಿದಿರ್ಲಿ ಅಂತ ಫೋನ್ ಮಾಡ್ದೆ."

ಬೈಗುಳಕ್ಕೆ ಅವಳು ಕಾದು ಕೂತಳು.

"ನಾನು ಸರಿಯಾಗಿ ನೋಡ್ಕೊಳ್ಳದೆ ಹಾಳು ಮಾಡಿದೆ ಅಂತ ಮನೇಲಿ ಒಂದು ವರ್ಷದಿಂದ ಹೇಳ್ತಿದ್ದಾರೆ," ಅಂದರು ಪರಮೇಶಪ್ಪ. "ನಾನೂ ಹಾಗೇ ಇರ್ಬೇಕು ಅಂದ್ಕೊಂಡಿದ್ದೆ." ಆಮೇಲೆ ಅವರ ದನಿ ಸ್ವಲ್ಪ ದೂರ ಹೋಯಿತು, ಯಾರನ್ನೋ ಕೂಗಿ ಕರೆಯುತ್ತಿದ್ದರು. ಬಾಗಿಲು ಕಿರುಗುಟ್ಟಿದ ಸದ್ದು, ಬಳೆಯ ಸದ್ದು.

"ಅಮ್ಮ, ಇಡಬೇಡಿ," ಅಂದರು. "ಸ್ಪೀಕರಿಗೆ ಹಾಕಿದ್ದೇನೆ. ನಮ್ಮನೆಯವಳು ಬಂದಿದ್ದಾಳೆ. ಈಗ ಹೇಳಿದ್ದನ್ನ ಇನ್ನೊಂದ್ಸಲ ಅವಳಿಗೂ ಹೇಳಿ."

ವೀಣಾ ಎದ್ದು ನಿಂತುಕೊಂಡಳು. ಯಾಕೆ ನಿಂತೆ ಅಂತ ಅವಳಿಗೂ ಗೊತ್ತಿಲ್ಲ. ಮೊದಲಿಂದ ಶುರು ಮಾಡಿ, ಒಂದು ಮಾತೂ ಬಿಡದೆ, ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು.